ಉಸ್ತಾದರು ಟೀವಿ ಆರಿಸಿದ್ದು

ನಮ್ಮ ಕಡೆ ಯಾರಾದರೂ ಹೊಸ ಟೀವಿ ಕೊಳ್ಳಲು ಹೊರಟರೆ ಈಗೀಗ ನನ್ನನ್ನೂ ಜೊತೆಗೆ ಕರೆಯುತ್ತಾರೆ. ನಾನು ಟೀವಿ ರಿಪೇರಿಯವಳೂ ಅಲ್ಲ, ಅಂಗಡಿಯವಳೂ ಅಲ್ಲ. ಹೆಗ್ಗದ್ದೆ ಕಡೆಯ ಎಸ್ಟೇಟಿನ ಕೂಲಿ ಲೈನುಗಳಿಂದ ಮಕ್ಕಳನ್ನು ತುಂಬಿಕೊಂಡು ಬಂದು ಸಕಲೇಶಪುರದ ಶಾಲೆಗೆ ಬಿಟ್ಟು, ಸಂಜೆ ಮತ್ತೆ ಅವರವರ ಮನೆ ಮುಟ್ಟಿಸುವ ವ್ಯಾನ್ ಡ್ರೈವರ್. "ಅಕ್ಕಾ, ಮನೇಲಿ ಗೇಮ್ ಆಡಾಕೆ ಟೀವಿ ಬೇಕಂತೆ, ಕಮ್ಮೀದ್ರಲ್ಲಿ ಯಾವ್ದು ತಗಳಾದು, ಒಸಿ ಬಂದು ನೋಡ್ಬುಡು" ಎಂದು ಕರೆದರೆ ಹೋಗುತ್ತೇನೆ. ಟೀವಿಯ ಬೆನ್ನಿಗೆ ಅಂಗೈ ಒತ್ತಿ ಬಿಸಿ ನೋಡುತ್ತೇನೆ. ಹೂವು, ಮೀನು ತೋರಿಸಲು ಬಂದರೆ "ಅದೆಲ್ಲ ಬೇಡ, ಕತ್ತಲು ತೋರ್ಸಿ" ಎನ್ನುತ್ತೇನೆ. ಅಂಗಡಿಯವರು ಬಂದಳಪ್ಪಾ ಮಹಾರಾಯ್ತಿ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ ಬಿಡಿ. ಈ ವಿದ್ಯೆ ನನ್ನದಲ್ಲ. ಇದನ್ನು ಕಲಿಸಿದವರು, ಇದಕ್ಕೆ ಮೊದಲು ಗಾಡಿ ಓಡಿಸುವುದನ್ನು ಕಲಿಸಿದವರು, ಈ ಸಲದ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. "ಹೆಸ್ರು ಕೇಳೋರು ಪೊಲೀಸ್ನೋರು ಮಾತ್ರ ಕಣಮ್ಮಾ. ಬೇಕಾದೋರು ಯಾರೂ ಕೇಳಲ್ಲ" ಎಂದು ಅವರೇ ಹೇಳುತ್ತಿದ್ದರು. ಲಾರಿ ಕ್ಲೀನರುಗಳು ತಮ್ಮ ಡ್ರೈವರನ್ನು ಉಸ್ತಾದ್ ಎಂದು ಕರೆಯುವುದುಂಟು. ಅವರ ಕೈಕೆಳಗೆ ಕ್ಲೀನರಾಗಿದ್ದು ಆಮೇಲೆ ಡ್ರೈವರಾದವರು ಆಲೂರಿನಿಂದ ಘಾಟಿಯವರೆಗೂ ಇದ್ದುದರಿಂದ ಅವರು ಊರಿಗೆಲ್ಲ ಉಸ್ತಾದರೇ ಆಗಿಬಿಟ್ಟಿದ್ದರು. ಕಾಫಿ, ಮೆಣಸು ಹೇರಿಕೊಂಡು ಘಾಟಿ ಇಳಿದು ಮಂಗಳೂರು ಮುಟ್ಟಿ ಬರುವುದೇ ಅವರ ಜೀವಮಾನದ ಕೆಲಸ. ದೋಣಿಗಲ್ಲಿನಲ್ಲಿ ಹೈವೇ ಪಕ್ಕದಲ್ಲೇ ಅವರ ಮನೆ, ಅದರ ಪಕ್ಕದ್ದು ನಮ್ಮದು. ಅವರ ಹೆಂಡತಿಯನ್ನು ನಾನು ಖಾಲಾ ಎನ್ನುತ್ತೇನೆ. ಅವರಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ.

ಎಂಥ ಜಂಬದ ಮನುಷ್ಯ ಅಂತೀರಿ! ಬೇಸಿಗೆಯಲ್ಲೂ ತಲೆಗೆ ಮಂಕಿ ಕ್ಯಾಪು, ಗಡ್ಡಕ್ಕೆ ಮದರಂಗಿಯ ಕೆಂಪು. ಲಾರಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಜಗಲಿಯ ಕುರ್ಚಿಯೇ ಅವರ ಸೀಟು. ರಸ್ತೆಗೆ ಬೆನ್ನು ಹಾಕಿ ಕೂತು ಟೀಯನ್ನು ಸಾಸರಿಗೆ ಸುರಿದುಕೊಂಡು ಹೀರುತ್ತಾ, ಹಿಂದೆ ಹೋಗುವ ಗಾಡಿಯನ್ನು ಸದ್ದಿನಲ್ಲೇ ಹೇಳುತ್ತಿದ್ದರು. "ಲೋಡ್ ಗಾಡಿ, ಸೆಕೆಂಡ್ ಗೇರು, ಡ್ರೈವರ್ ಹೊಸಬ" ಎನ್ನುವುದು. ತಿರುಗಿ ನೋಡಿದರೆ ಲೋಡ್ ಗಾಡಿಯೇ ಇರುತ್ತಿತ್ತು. ಡ್ರೈವರ್ ಹೊಸಬನೋ ಹಳಬನೋ ಯಾರು ಕೇಳಲು ಹೋಗುತ್ತಾರೆ! ಬ್ರೇಕ್ ಹೋದ ಲಾರಿಯನ್ನು ಘಾಟಿಯಲ್ಲಿ ಇಳಿಸಿದ ಕತೆಯನ್ನು ಹೇಳುವಾಗಲಂತೂ ಒಂದೊಂದು ಸಲಕ್ಕೆ ತಿರುವುಗಳು ಜಾಸ್ತಿಯಾಗುತ್ತಿದ್ದವು. ಖಾಲಾ ಒಳಗಿಂದಲೇ, "ಹೋದ್ಸಲ ಆ ತಿರುವು ಇರ್ಲಿಲ್ಲ, ಯಾವಾಗ ಮಾಡಿದ್ರಂತೆ ಸರ್ಕಾರದೋರು?" ಎಂದು ಕೇಳುವರು. ಉಸ್ತಾದರು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಎಂಥ ಸದ್ದಿಗೂ ಚುರುಕಾದ ಆ ಕಿವಿ ಖಾಲಾ ಮಾತಿಗೆ ಮಾತ್ರ ಮಂದ.

ಈ ವ್ಯಾನು ಮೊದಲು ನನ್ನ ಗಂಡ ಓಡಿಸುತ್ತಿದ್ದುದು. ಅವರ ಬೆನ್ನುಮೂಳೆ ಜಾರಿ, ಇನ್ನು ಡ್ರೈವಿಂಗ್ ಸೀಟಿನಲ್ಲಿ ಕೂರಲೇಬಾರದು ಎಂದು ಡಾಕ್ಟರು ಹೇಳಿದಾಗ ವ್ಯಾನನ್ನು ಮಾರುವ ಮಾತು ಬಂತು. ಮಾರಿದರೆ ಉಣ್ಣುವುದೇನು? ನಾನೇ ಓಡಿಸುತ್ತೇನೆ ಎಂದೆ. ನಮ್ಮ ಮನೆಯಲ್ಲೇ ನಕ್ಕರು. ಉಸ್ತಾದರು ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕಾಲು ಕ್ಲಚ್ಚಿಗೆ ಎಟುಕ್ತದಾ?" ಎಂದು ಕೇಳಿದರು, ಅಷ್ಟೇ. ನಾನು ಕುಳ್ಳಿ. ಮಾರನೆಯ ದಿನ ಬೆನ್ನಿಗೆ ಕೊಡಲು ಖಾಲಾ ಹೊಲಿದ ದಿಂಬು ತಂದರು. ಆ ದಿಂಬು ಇವತ್ತಿಗೂ ನನ್ನ ಸೀಟಿನಲ್ಲಿದೆ.

ಕಲಿಸಿದ್ದು ಎಸ್ಟೇಟಿನ ಕಣದಲ್ಲಿ. ಕಾಫಿ ಒಣಗಿಸುವ ಸಿಮೆಂಟಿನ ಕಣ, ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕಾಡಿ ಬೇಡಿ ಒಪ್ಪಿಸಿ, ಕಣದ ತುಂಬ ಬುಟ್ಟಿಗಳನ್ನು ಬೋರಲು ಹಾಕಿ, "ಇವೆಲ್ಲ ಇಸ್ಕೂಲ್ ಮಕ್ಳು ಅಂತ ತಿಳ್ಕ. ಒಂದ್ಕೂ ತಾಗ್ಬಾರ್ದು" ಎಂದರು. ಮೊದಲ ದಿನ ನಾನು ಉರುಳಿಸಿದ ಬುಟ್ಟಿಗಳನ್ನು ನೋಡಿ, "ಹೋಗ್ಬುಟ್ರಲ್ಲಮ್ಮಾ, ಅರ್ಧ ಕ್ಲಾಸೇ ಹೋಗ್ಬುಡ್ತು" ಎಂದು ಹಣೆ ಹಣೆ ಚಚ್ಚಿಕೊಂಡರು. ನನಗೆ ಅಳು ಬಂತು. ಅಳುತ್ತಲೇ ಇನ್ನೊಂದು ಸುತ್ತು ಓಡಿಸು ಎಂದರು. "ಅಳ್ತಾ ಓಡ್ಸೋದೂ ಕಲೀಬೇಕು. ದಿನಾ ನಗ್ತಾ ಓಡ್ಸಕ್ಕಾಯ್ತದಾ?" ಎಂದರು. ಅದೆಷ್ಟು ದಿಟವಾದ ಮಾತೆಂದು ಆಮೇಲೆ ಗೊತ್ತಾಯಿತು.

ಘಾಟಿ ರಸ್ತೆಗೆ ಕರೆದುಕೊಂಡು ಹೋದಾಗ ಮಂಜು ಮುಸುಕಿತ್ತು. ನಾನು ಒಂದೇ ಸಮ ಹಾರ್ನ್ ಒತ್ತುತ್ತಿದ್ದೆ. "ಬಾಯ್ ಮುಚ್ಚಿ ಕಿವಿ ತಗಿ. ಕಿಟಕಿ ಇಳ್ಸು. ಎದ್ರುಗಡೆ ಬರಾದು ಕೇಳಿಸ್ತದೆ" ಎಂದು ಗದರಿದರು. ಹಾಗೆ ಬೈಯುವಾಗಲೂ ಅವರ ಬಲಗೈ ಮಾತ್ರ ಒಂದೇ ಕಡೆ ಅಲ್ಲಾಡದೆ ಇರುತ್ತಿತ್ತು. ನಾನು ಬಲಗಡೆ ಸ್ಟೇರಿಂಗ್ ಹಿಂದೆ, ಅವರು ಎಡಗಡೆ ಸೀಟಿನಲ್ಲಿ. ನಮ್ಮಿಬ್ಬರ ನಡುವೆ ಹ್ಯಾಂಡ್‌ಬ್ರೇಕು, ಅದರ ಮೇಲೆ ಅವರ ಬಲಗೈ. ಬಿಗಿಯಾಗಿ ಹಿಡಿದಿರುವುದಲ್ಲ, ಸುಮ್ಮನೆ ಇಟ್ಟಿರುವುದು.

ಕಲಿಯುವಾಗ ಸರಿ. ಲೈಸೆನ್ಸ್ ಬಂತು, ವ್ಯಾನು ನನ್ನದಾಯಿತು, ಮಕ್ಕಳನ್ನು ಹತ್ತಿಸಿ ಇಳಿಸಿ ವರ್ಷಗಳೇ ಕಳೆದವು. ಅದಾದ ಮೇಲೂ ಉಸ್ತಾದರು ಪೇಟೆಗೆಂದು ನನ್ನ ಜೊತೆ ಹೊರಟರೆ, ಸೀಟಿನಲ್ಲಿ ಕೂತ ತಕ್ಷಣ ಆ ಕೈ ಹ್ಯಾಂಡ್‌ಬ್ರೇಕಿನ ಮೇಲೆ ಬಂದು ಕೂರುತ್ತಿತ್ತು. ಹಿಂದಿನಿಂದ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ನನಗೆ ಉರಿದುಹೋಗುತ್ತಿತ್ತು.

"ಉಸ್ತಾದ್, ಕೈ ತೆಗೀರಿ. ನಂಗೇನು ಗಾಡಿ ಬರಲ್ವಾ?"

"ನಿಂಗೆ ಬತ್ತದೆ ಕಣಮ್ಮಾ. ಎದುರಿಗೆ ಬರೋನಿಗೆ ಬತ್ತದೋ ಇಲ್ವೋ ನಂಗೇನು ಗೊತ್ತು?"

ಪ್ರತಿ ಸಲ ಇದೇ ಪ್ರಶ್ನೆ, ಇದೇ ಉತ್ತರ. ಕೈ ಮಾತ್ರ ತೆಗೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಟೀ ಕುಡಿಯುತ್ತಿದ್ದಾಗ ಆ ಕೈಯಿಂದ ಸಾಸರು ಜಾರಿ ಬಿತ್ತು. ಲಕ್ವ ಹೊಡೆದಿತ್ತು. ಬಲಗಡೆ ಪೂರ್ತಿ ಹೋಯಿತು. ನನ್ನ ವ್ಯಾನಿನಲ್ಲೇ ಆಸ್ಪತ್ರೆಗೆ ಒಯ್ದದ್ದು. ಅವತ್ತು ಕಲಿತೆ, ಅಳುತ್ತಾ ಓಡಿಸುವುದು ಹೇಗೆಂದು. ಸ್ವಲ್ಪ ದಿನಕ್ಕೆ ಮಾತು ತೊದಲುತ್ತಾ ತೊದಲುತ್ತಾ ಬಂತು. ಕಾಲು ಎಳೆದುಕೊಂಡಾದರೂ ನಡೆಯುವ ಹಾಗಾಯಿತು. ಬಲಗೈ ಮಾತ್ರ ಬರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ನನ್ನನ್ನೂ ಖಾಲಾಳನ್ನೂ ಹೊರಗೆ ಕರೆದು, "ಕೈ ಬರಲ್ಲ ಅಂತ ನಾನು ಹೇಳಲ್ಲ. ಆದ್ರೆ ಅವರು ಅದನ್ನ ಆಡಿಸಬೇಕು. ಮಡಿಲಲ್ಲಿ ಇಟ್ಕೊಂಡು ಕೂತುಬಿಟ್ರೆ ಹಾಗೇ ಬಿಗಿದುಹೋಗುತ್ತೆ, ಆಮೇಲೆ ಯಾರ ಕೈಲೂ ಏನೂ ಮಾಡಕ್ಕಾಗಲ್ಲ" ಎಂದಳು.

ಅವರು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟರು. ಹಿಂಡಲು ರಬ್ಬರಿನ ಚೆಂಡು ಕೊಟ್ಟರೆ, "ನಾನೇನ್ ಮಗೀನಾ?" ಎಂದು ಮಂಚದ ಕೆಳಗೆ ಉರುಳಿಸಿದರು. ಸ್ಟೇರಿಂಗ್ ತಿರುಗಿಸಿದ ಹಾಗೆ ಮಾಡಿ ಎಂದು ಖಾಲಾ ಊಟದ ತಟ್ಟೆ ಹಿಡಿಸಿದರೆ, "ಗಾಡಿ ಇಲ್ದೆ ಸ್ಟೇರಿಂಗ್ ತಿರುಗ್ಸಾಕೆ ನಂಗೇನ್ ತಲೆ ಕೆಟ್ಟೈತಾ?" ಎಂದರು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಜಗಲಿಯ ಕುರ್ಚಿಯನ್ನು ತೆಗೆಸಿ ಹಿತ್ತಲಿಗೆ, ನೀರಿನ ತೊಟ್ಟಿಯ ಪಕ್ಕಕ್ಕೆ ಹಾಕಿಸಿಕೊಂಡರು. ಅಲ್ಲಿ ಲಾರಿ ಸದ್ದು ಅಷ್ಟಾಗಿ ಕೇಳುವುದಿಲ್ಲ.

ನನ್ನ ಮಗಳು ಹಾಸನದಲ್ಲಿ ಡಿಗ್ರಿ ಓದುತ್ತಾಳೆ. ಹಾಸ್ಟೆಲಿನ ಗೆಳತಿಯ ಹತ್ತಿರ ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ಸ್ಟೇರಿಂಗ್ ಸಮೇತ ಕೊಂಡಿದ್ದಳು. ಓದುವುದು ಬಿಟ್ಟು ಇದೇನೇ ನಿಂದು ಎಂದು ನಾನು ಉಗಿದಿದ್ದೆ. ರಜಕ್ಕೆ ಬಂದವಳು ಉಸ್ತಾದರನ್ನು ಹಿತ್ತಲಲ್ಲಿ ನೋಡಿ ಬಂದು, "ಅಮ್ಮಾ, ತಾತಂಗೆ ಗಾಡಿ ತಾನೇ ಬೇಕು? ಲಾರಿ ಓಡ್ಸೋ ಗೇಮೇ ಐತೆ. ನಂದು ಕೊಡ್ತೀನಿ, ಹಾಕಿಕೊಡೋಣ" ಎಂದಳು. ನನಗೆ ಯಾಕೆ ಹೊಳೆಯಲಿಲ್ಲವೋ.

ಉಸ್ತಾದರ ಮನೆಯ ಟೀವಿಯ ಬಗ್ಗೆ ಇಲ್ಲಿ ಹೇಳಬೇಕು. ಅದು ಖಾಲಾ ಟೀವಿ. ನಮ್ಮ ಕಡೆ ಎಲ್ಲರೂ ಟೀವಿ ಕೊಳ್ಳುವುದು ಕಿವಿಯಿಂದ. ನಗಬೇಡಿ. ಶೀಟಿನ ಮನೆಯಲ್ಲಿ ಮಳೆಗಾಲ ಕಳೆದು ನೋಡಿ, ಆಮೇಲೆ ನಗಿ. ಶೀಟಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅಂಗಡಿಗೆ ಹೋದವರು ಮೊದಲು ಕೇಳುವುದೇ "ಸೌಂಡ್ ಜೋರೈತಾ?" ಎಂದು. ಅಂಗಡಿಯವರೂ ಹಾಗೇ, ಚಿತ್ರ ಹೇಗಾದರೂ ಇರಲಿ, ಸೌಂಡ್ ಏರಿಸಿ ಬೀದಿಗೆಲ್ಲ ಕೇಳಿಸಿ ಮಾರುತ್ತಾರೆ. ಖಾಲಾ ಟೀವಿ ಅಂಥದ್ದೇ. ಅಗಲವಾದ ಮೈ, ಗುಡುಗಿನ ಗಂಟಲು. ಜಡಿಮಳೆಯಲ್ಲೂ ಅವರ ಧಾರಾವಾಹಿಯ ಒಂದು ಮಾತೂ ತಪ್ಪುತ್ತಿರಲಿಲ್ಲ. ಹೈವೇಯಲ್ಲಿ ಹೋಗುವವರಿಗೂ ಕತೆ ಗೊತ್ತಾಗುತ್ತಿತ್ತು.

ಮಗಳು ಅದಕ್ಕೇ ಗೇಮ್ ಪೆಟ್ಟಿಗೆ ಜೋಡಿಸಿದಳು. ಮುಂದೆ ಮೇಜಿಟ್ಟು ಸ್ಟೇರಿಂಗ್ ಬಿಗಿದಳು. ಉಸ್ತಾದರನ್ನು ಎಳೆದು ತಂದಂತೆ ತಂದು ಕೂರಿಸಿದೆವು. ಖಾಲಾ ತಮ್ಮ ಹಳೆಯ ದುಪಟ್ಟದ ಅಂಚು ಹರಿದು ಅವರ ಬಲಗೈಯನ್ನು ಸ್ಟೇರಿಂಗಿಗೆ ಮೆತ್ತಗೆ ಕಟ್ಟಿದರು. ಪರದೆಯ ಮೇಲೆ ಲಾರಿ ಕಂಡಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ನಾನು ಖಾಲಾ ಕೈ ಹಿಡಿದುಕೊಂಡೆ.

ಹೊರಟರು. ಮೊದಲ ತಿರುವು ಬಂತು. ತಿರುಗಿಸಿದರು. ಲಾರಿ ನೆಟ್ಟಗೇ ಹೋಯಿತು. ಇನ್ನಷ್ಟು ತಿರುಗಿಸಿದರು. ಆಗ ಒಮ್ಮೆಲೇ ವಾಲಿ ಚರಂಡಿಗೆ ಇಳಿಯಿತು. ಮತ್ತೆ ಹೊರಟರು, ಮತ್ತೆ ಚರಂಡಿ. ಇಡೀ ಘಾಟಿ ಅಂಗೈಯಲ್ಲಿದ್ದ ಮನುಷ್ಯ, ಗೇಮಿನ ಮೊದಲ ತಿರುವನ್ನೇ ದಾಟಲಾಗದೆ ಪರದೆಯನ್ನು ನೋಡುತ್ತಾ ಕೂತರು.

"ನೋಡ್ದಾ? ತಲೆ ಹೇಳ್ತೈತೆ, ಕೈ ಕೇಳ್ತಿಲ್ಲ. ಸತ್ತೋಗೈತೆ ಕಣಮ್ಮಾ ಈ ಕೈ. ಬಿಚ್ಚೇ, ಸಾಕು" ಎಂದರು ಖಾಲಾಗೆ. ಖಾಲಾ ಗಂಟು ಬಿಚ್ಚಿದರು. ಅವರು ಹಿತ್ತಲಿಗೆ ಹೋಗಿ ಕೂತರು. ಅಷ್ಟು ದಿನ ಬೇಡ ಎಂದರೂ ಬೈದುಕೊಂಡು ಬೇಡ ಎನ್ನುತ್ತಿದ್ದರು. ಈಗ ಬೈಗುಳವೂ ನಿಂತುಹೋಯಿತು. ವ್ಯಾಯಾಮದ ಹುಡುಗಿಗೆ ಕೈ ಕೊಡಲೂ ಒಲ್ಲೆ ಎಂದರು. ನಾವೇ ಹಾಳು ಮಾಡಿದೆವಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಮಗಳು ಹಾಸನಕ್ಕೆ ಹೋದಳು. ಒಂದು ಮಧ್ಯಾಹ್ನ ಗೇಮ್ ಪೆಟ್ಟಿಗೆ ಬಿಚ್ಚಿ ತರೋಣ ಎಂದು ಹೋದೆ. ಬಿಚ್ಚುವ ಮುಂಚೆ, ಅಷ್ಟು ಕಷ್ಟವಾ ಈ ಹಾಳು ಲಾರಿ ಎಂದು ನಾನೇ ಕೂತು ಓಡಿಸಿದೆ. ಚರಂಡಿ! ಇನ್ನೊಂದು ಸಲ. ಚರಂಡಿ! ನನ್ನ ಎರಡು ಕೈಯೂ ಗಟ್ಟಿಮುಟ್ಟಾಗಿವೆ, ದಿನಾ ಘಾಟಿ ರಸ್ತೆಯಲ್ಲಿ ಓಡಾಡುವವಳು. ಈ ಸಲ ಪರದೆ ನೋಡದೆ ಕೈ ನೋಡಿಕೊಂಡು ತಿರುಗಿಸಿದೆ, ಆಮೇಲೆ ಪರದೆ ನೋಡಿದೆ. ಕೈ ತಿರುಗಿ ಆದ ಮೇಲೆ ಲಾರಿ ತಿರುಗುತ್ತಿತ್ತು.

ಹಳೇ ಗಾಡಿಗಳಲ್ಲಿ ಸ್ಟೇರಿಂಗ್ ಸವೆದಿದ್ದರೆ, ತಿರುಗಿಸಿದರೂ ಚಕ್ರ ತಿರುಗದೆ ಸ್ವಲ್ಪ ಸಡಿಲ ಉಳಿಯುತ್ತದೆ. ಅದಕ್ಕೆ ಪ್ಲೇ ಎನ್ನುತ್ತಾರೆ. ನನಗೆ ಕಲಿಸಿದ್ದು ಉಸ್ತಾದರೇ.

"ಖಾಲಾ! ಈ ಲಾರಿ ಸ್ಟೇರಿಂಗು ಪ್ಲೇ ಐತೆ!" ಎಂದು ಕೂಗಿದೆ.

ಹಿತ್ತಲಿನಿಂದ ತೊದಲು ಧ್ವನಿ ಬಂತು. "ಎಷ್ಟು?"

ಸುಮ್ಮನಿರಲು ಆಗಲಿಲ್ಲ ನೋಡಿ ಅವರಿಗೆ! ಕಾಲೆಳೆದುಕೊಂಡು ಬಂದು ನನ್ನ ಪಕ್ಕ ನಿಂತರು. ಎಡಗೈಯೊಂದನ್ನೇ ಸ್ಟೇರಿಂಗಿನ ಮೇಲಿಟ್ಟು, ಕಣ್ಣನ್ನು ಪರದೆಯ ಮೇಲೆ ನೆಟ್ಟು, ಆಚೆ ಈಚೆ ಮೆಲ್ಲಗೆ ಆಡಿಸಿದರು. ಒಳ್ಳೆಯ ಕೈಗೂ ಲಾರಿ ತಡವಾಗಿಯೇ ತಿರುಗಿತು. ಆ ಮುಖ ನಾನು ಮರೆಯುವುದಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು.

"ಇದು ನನ್ ಕೈಯಲ್ಲ ಮಾರಾಯ್ತಿ. ಟೀವಿ!" ಎಂದರು.

"ಟೀವೀನೇ ಉಸ್ತಾದ್!"

"ತಪ್ಪ ನನ್ ಕೈ ಮೇಲೆ ಹಾಕ್ಬುಟ್ಟಿತ್ತಲ್ಲಮ್ಮಾ ಬಡ್ಡೀಮಗಂದು!"

ಮಗಳಿಗೆ ಫೋನ್ ಮಾಡಿದೆ. ಅವಳೂ ನಾಲಗೆ ಕಚ್ಚಿಕೊಂಡಳು. ಕೆಲವು ಟೀವಿಗಳು ಚಿತ್ರವನ್ನು ಚೆಂದ ಮಾಡಿ ತೋರಿಸುವುದರಲ್ಲೇ ಹೊತ್ತು ಕಳೆಯುತ್ತವಂತೆ, ಸಿನಿಮಾ ನೋಡುವವರಿಗೆ ಅದು ಗೊತ್ತಾಗುವುದಿಲ್ಲ, ಆಡುವವರಿಗೆ ಗೊತ್ತಾಗುತ್ತದಂತೆ. ಖಾಲಾ ಟೀವಿಯಲ್ಲಿ ಅದನ್ನು ನಿಲ್ಲಿಸುವ ದಾರಿಯೇ ಇಲ್ಲ. "ದೊಡ್ದು ಬೇಡ ಅಮ್ಮಾ. ಫೋರ್ ಕೆ ಅಂತ ತಲೆ ಕೆಡಿಸ್ಕೋಬೇಡಿ. ನಮ್ ಪೆಟ್ಟಿಗೆ ಹಳೇದು, ಅದು ಕೊಡೋದೇ ಎಚ್‌ಡಿ. ಸಾಧಾರಣ ಎಚ್‌ಡಿ ಟೀವಿ ಸಾಕು, ಆ ಚೆಂದ ಮಾಡೋದ್ನ ನಿಲ್ಸಕ್ಕೆ ಗೇಮ್ ಮೋಡ್ ಇರ್ಬೇಕು ಅಷ್ಟೇ" ಎಂದಳು.

ಸರಿ, ಕೊಳ್ಳುವುದು ಹೇಗೆ? ಆಸ್ಪತ್ರೆ, ಔಷಧಿ ಎಂದು ಕೈ ಬರಿದಾಗಿತ್ತು. ನಾನು ಕೊಡುತ್ತೇನೆ ಎಂದರೆ ಉಸ್ತಾದರು ಕಣ್ಣು ಕೆಂಪು ಮಾಡಿದರು. ಆಗ ಖಾಲಾ ಎದ್ದು ಟೀವಿಯ ಮೇಲಿನ ಕಸೂತಿ ಬಟ್ಟೆ ತೆಗೆದು ಮಡಿಸಿದರು. "ಇದ್ನ ಹಾಕಿ ಅದ್ನ ತಗಳಣ. ಎಕ್ಸ್‌ಚೇಂಜ್ ಕೊಡ್ತಾರಂತಲ್ಲ" ಎಂದರು. ಮಳೆಗಾಲ ಎದುರಿಗಿತ್ತು. ಅವರಿಗೆ ಆ ಟೀವಿ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು. ಉಸ್ತಾದರು, "ಮಳೇಲಿ ಏನ್ ಕೇಳ್ತಿಯಾ ಮತ್ತೆ?" ಎಂದರು. "ಇಷ್ಟು ವರ್ಷ ನೀವು ಏನ್ ಕೇಳಿದ್ರಿ ನನ್ ಮಾತ? ನಾನೂ ಹಂಗೇ ಇರ್ತೀನಿ" ಎಂದು ಖಾಲಾ ಬಟ್ಟೆಯನ್ನು ಪೆಟ್ಟಿಗೆಯೊಳಗೆ ಇಟ್ಟರು.

ಲಕ್ವ ಹೊಡೆದ ಮೇಲೆ ಆಸ್ಪತ್ರೆ ಬಿಟ್ಟರೆ ಉಸ್ತಾದರು ಹೊರಗೆ ಹೊರಟಿದ್ದು ಅದೇ ಮೊದಲು. ಗಡ್ಡಕ್ಕೆ ಮದರಂಗಿ ಹಚ್ಚಿಸಿಕೊಂಡರು. ಹಿಂದಿನ ಸೀಟಿನಲ್ಲಿ ಖಾಲಾ, ಅವರ ಪಕ್ಕ ಹಳೇ ಟೀವಿ, ಕಾಲ ಹತ್ತಿರ ಗೇಮ್ ಪೆಟ್ಟಿಗೆ, ಸ್ಟೇರಿಂಗು. ಎಡಗಡೆ ಸೀಟಿನಲ್ಲಿ ಉಸ್ತಾದರು ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಗಾಡಿ ಬಿಟ್ಟೆ. ಹ್ಯಾಂಡ್‌ಬ್ರೇಕಿನ ಮೇಲೆ ಯಾರ ಕೈಯೂ ಇರಲಿಲ್ಲ. ಕೈ ತೆಗೀರಿ ಎಂದು ಅಷ್ಟು ವರ್ಷ ಜಗಳವಾಡಿದವಳು ನಾನು. ಪೇಟೆ ಮುಟ್ಟುವವರೆಗೆ ನನ್ನ ಎಡಗಡೆ ಏನೋ ಖಾಲಿಯಾಗಿದೆ ಅನಿಸುತ್ತಲೇ ಇತ್ತು.

ಅಂಗಡಿಯವನು ಸಂಪ್ರದಾಯದಂತೆ ಸೌಂಡ್ ಏರಿಸಿದ. ಉಸ್ತಾದರು ಕೈಸನ್ನೆಯಲ್ಲೇ ಇಳಿಸು ಎಂದರು. ಸೆಕೆಂಡ್ ಹ್ಯಾಂಡ್ ಲಾರಿ ನೋಡಲು ಹೋದವರ ಹಾಗೆ ಟೀವಿಗಳ ಸುತ್ತ ಕಾಲೆಳೆಯುತ್ತಾ ಒಂದು ಸುತ್ತು ಹಾಕಿದರು. ಬೆನ್ನು ಮುಟ್ಟಿ ಬಿಸಿ ನೋಡಿದರು. ಗೇಮಿನ ವೈರು ಹಾಕುವ ಕಿಂಡಿ ಎಲ್ಲಿದೆ, ಗೋಡೆಗೆ ಒತ್ತಿದರೂ ಸಿಗುತ್ತದೋ ಎಂದು ಬಗ್ಗಿ ನೋಡಿದರು. ದೊಡ್ಡ ಟೀವಿಯೊಂದನ್ನು ತೋರಿಸಿದರೆ, "ಹತ್ರ ಕೂತು ಓಡ್ಸಬೇಕಪ್ಪಾ ನಾನು. ವಿಂಡ್‌ಸ್ಕ್ರೀನು ಒಂದೇ ನೋಟಕ್ಕೆ ಸಿಗ್ಬೇಕು, ಕತ್ತು ತಿರುಗ್ಸೋ ಹಂಗಿರ್ಬಾರ್ದು" ಎಂದು ಮುಂದಕ್ಕೆ ಹೋದರು. ಇನ್ನೊಂದರಲ್ಲಿ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು.

"ಮೀನು ಬೇಡ. ಕತ್ಲು ತೋರ್ಸು."

"ಕತ್ಲಾ?" ಎಂದ ಅಂಗಡಿಯವನು.

"ಹೂಂ. ಮಂಜು, ಕತ್ಲು. ಘಾಟಿಲಿ ಓಡ್ಸೋನಿಗೆ ಮೀನ್ ಯಾಕೆ?"

ಗೇಮ್ ಪೆಟ್ಟಿಗೆ ಸಿಕ್ಕಿಸಿ ಕತ್ತಲ ದಾರಿ ಹಾಕಿಸಿದೆವು. ಅಗ್ಗದ್ದೊಂದರಲ್ಲಿ ಕತ್ತಲೆಲ್ಲ ಬೂದಿ ಬಳಿದಂತೆ ಕಂಡು ರಸ್ತೆಯ ಅಂಚೇ ಗೊತ್ತಾಗಲಿಲ್ಲ. ಇನ್ನೊಂದರಲ್ಲಿ ಕತ್ತಲು ಚೆನ್ನಾಗಿತ್ತು, ಆದರೆ ಸ್ಟೇರಿಂಗ್ ಪ್ಲೇ. ಅಷ್ಟು ಹೊತ್ತಿಗೆ ಫ್ರಿಜ್ ನೋಡಲು ಬಂದವರು, ಮಿಕ್ಸಿ ರಿಪೇರಿಗೆ ಬಂದವರು ಎಲ್ಲ ಸುತ್ತ ನಿಂತಿದ್ದರು. "ಬಿಡಿ ಬಿಡಿ, ಬಲಕ್ಕೆ ತಗಳಿ ಸಾಬ್ರೇ" ಎಂದು ಒಬ್ಬರು. "ಸುಮ್ಕಿರಿ, ಅವ್ರು ಉಸ್ತಾದ್ರು" ಎಂದು ಇನ್ನೊಬ್ಬರು. ಅಂಗಡಿಯವನಿಗೂ ಹಟ ಬಂತು. ಮೂಲೆಯಲ್ಲಿದ್ದ ಸಣ್ಣ ಎಚ್‌ಡಿ ಟೀವಿಯೊಂದನ್ನು ಎಳೆದು ತಂದು, ರಿಮೋಟಿನಲ್ಲಿ ಹುಡುಕಿ ಹುಡುಕಿ ಗೇಮ್ ಮೋಡ್ ಹಾಕಿದ. "ಇದ್ರ ಸೌಂಡ್ ಸರಿ ಇಲ್ಲ ಅಂತ ಯಾರೂ ತಗೊಳ್ತಿಲ್ಲ ಸರ್, ಒಂದ್ಸಲ ನೋಡಿ" ಎಂದ.

ಉಸ್ತಾದರು ಎಡಗೈಯಿಂದ ತಿರುಗಿಸಿದರು. ಲಾರಿ ತಿರುಗಿತು. ಕೈ ನಿಂತಾಗ ನಿಂತಿತು. ತಿರುವು ದಾಟಿತು, ಇನ್ನೊಂದು ತಿರುವೂ ದಾಟಿತು. ಯಾರೋ ಚಪ್ಪಾಳೆ ಹೊಡೆದರು. ಉಸ್ತಾದರು ನನ್ನತ್ತ ತಿರುಗಿ, "ಈ ಗಾಡಿ ನಂದು" ಎಂದರು. ಖಾಲಾ ಅದರ ಸೌಂಡು ಎಷ್ಟಿದೆ ಎಂದು ಕೇಳಲೂ ಇಲ್ಲ.

ಆಮೇಲಿನ ತಿಂಗಳುಗಳೇ ನನಗೆ ಬಹಳ ಇಷ್ಟ. ಟೀವಿ ವಿಂಡ್‌ಸ್ಕ್ರೀನಿನ ಎತ್ತರಕ್ಕೆ ಬರಬೇಕೆಂದು ಮೇಜಿನ ಕಾಲು ಕೊಯ್ಯಿಸಿದರು. ಕುರ್ಚಿ ಹಿತ್ತಲಿನಿಂದ ಒಳಗೆ ಬಂತು. ನಿತ್ಯ ಬೆಳಿಗ್ಗೆ ಸಂಜೆ ಡ್ಯೂಟಿ. ದುಪಟ್ಟದ ಪಟ್ಟಿಯಲ್ಲಿ ಕಟ್ಟಿದ ಬಲಗೈ ಮೊದಮೊದಲು ಎಡಗೈಯ ಹಿಂದೆ ಸುಮ್ಮನೆ ಹೋಗಿ ಬರುತ್ತಿತ್ತು. ಗೇಮಿನ ರಸ್ತೆಗಳೆಲ್ಲ ಫಾರಿನ್ನು. ಅದಕ್ಕೂ ಬೈಗುಳ. "ಇದೆಂಥ ಊರಮ್ಮಾ! ದನ ಇಲ್ಲ, ನಾಯಿ ಇಲ್ಲ, ಗುಂಡಿ ಇಲ್ಲ. ಯಾರಿಗೆ ಅಂತ ಹಾರ್ನ್ ಹೊಡೀಲಿ?" ರಸ್ತೆ ಪಕ್ಕ ಲಾರಿ ನಿಲ್ಲಿಸಿ, ಇಂಡಿಕೇಟರ್ ಹಾಕಿ, "ಟೀ ತಗಬಾರೇ" ಎಂದು ಖಾಲಾಳನ್ನು ಕರೆಯುವರು. ಟೀ ಕುಡಿದು ಮುಗಿಯುವವರೆಗೆ ಲಾರಿ ಅಲ್ಲೇ ನಿಂತಿರುತ್ತಿತ್ತು. ವ್ಯಾನು ನಿಲ್ಲಿಸಿ ನಾನು ಹೋದರೆ, "ಕೂತ್ಕಾ, ಮುಂದಿನ ಊರಲ್ಲಿ ಇಳಿಸ್ತೀನಿ" ಎನ್ನುವರು.

ಮಳೆ ಹಿಡಿಯಿತು. ಖಾಲಾ ಧಾರಾವಾಹಿಯ ಹೊತ್ತಿಗೆ ಶೀಟಿನ ಮೇಲೆ ಧೋ ಎಂದು ಸುರಿಯುವಾಗ ಹೊಸ ಟೀವಿಯಲ್ಲಿ ಬರೀ ಬಾಯಿಗಳು ಅಲ್ಲಾಡುತ್ತಿದ್ದವು. ಉಸ್ತಾದರು ಖಾಲಾ ಕಿವಿಯ ಹತ್ತಿರ ಕೂತು ಮಾತು ಹೇಳಿಕೊಡುತ್ತಿದ್ದರು. "ಅತ್ತೆ ಕೇಳ್ತಾವ್ಳೆ, ಗಾಡಿ ಎಫ್‌ಸಿ ಆಗೈತಾ ಅಂತ. ಸೊಸೆ ಹೇಳ್ತಾವ್ಳೆ, ಟೈರ್ ಸವೆದೈತೆ ಅತ್ತೆ ಅಂತ." ಖಾಲಾ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುವರು. "ಆ ಟೀವಿಗಿಂತ ಇದೇ ವಾಸಿ ಕಣೇ, ಅದ್ರಲ್ಲಿ ಬರೀ ಅಳೋದೇ ಇತ್ತು" ಎಂದು ನನಗೆ ಹೇಳಿದರು.

ಬೆರಳು ಯಾವಾಗ ಮಡಚಿತು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಒಂದು ದಿನ ಖಾಲಾ ಪಟ್ಟಿ ಬಿಚ್ಚಲು ಹೋದಾಗ ಕೈ ಬಿಡಲಿಲ್ಲವಂತೆ, ತಾನೇ ಹಿಡಿದುಕೊಂಡಿತ್ತಂತೆ. ವ್ಯಾಯಾಮದ ಹುಡುಗಿ ತನ್ನ ಬೆರಳು ಹಿಡಿಯಲು ಕೊಟ್ಟು, "ಇನ್ನೂ ಗಟ್ಟಿ, ಇನ್ನೂ ಗಟ್ಟಿ" ಎಂದಳು. "ಮಾಮೂಲಿ ಹಿಡಿತ ಬರಕ್ಕೆ ಇನ್ನೂ ಟೈಮ್ ಬೇಕು. ಸ್ಟೇರಿಂಗ್ ಹಿಡ್ಕೊಂಡಾಗ ಬರುತ್ತೆ ಅಂತೀರಲ್ಲ. ನೀವು ನೆನೆಸ್ಕೊಳ್ದೇನೇ ಬೇರೆ ಕಡೆಗೂ ತಾನಾಗೇ ಯಾವಾಗ ಹೋಗುತ್ತೋ ಆವಾಗ ಕೈ ಬಂತು ಅಂತ ಲೆಕ್ಕ" ಎಂದಳು. ಉಸ್ತಾದರು ಅವತ್ತು ಮನೆಗೆ ಹೋಗಿ ಜಾಸ್ತಿ ಡ್ಯೂಟಿ ಮಾಡಿದರು.

ಅವರಿಂದ ನಾನು ಪಡೆದುಕೊಂಡದ್ದನ್ನು ಹೇಗೆ ಹೇಳಲಿ? ನನ್ನ ಮನೆಯ ಒಲೆ ಉರಿಯುವುದು ಅವರು ಕಲಿಸಿದ ವಿದ್ಯೆಯಿಂದ. ನನ್ನ ಮಗಳು ಓದುತ್ತಿರುವುದು ಅದರಿಂದ. ಥ್ಯಾಂಕ್ಸ್ ಅಂದರೆ, "ಕ್ಲಚ್ ಮೇಲಿಂದ ಕಾಲ್ ತಗಿ ಮೊದ್ಲು" ಎನ್ನುವ ಆಸಾಮಿ. ಆದರೆ ಒಂದು ದಿನ ಮಾತ್ರ ಅವರು ನನಗೆ ಏನು ಕೊಟ್ಟರು ಎನ್ನುವುದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಹೋದ ವರ್ಷ ಗಣೇಶನ ಹಬ್ಬ ಕಳೆದಿತ್ತು. ಅವರನ್ನು ಆಸ್ಪತ್ರೆಗೆ ತೋರಿಸಿ ಸಕಲೇಶಪುರದಿಂದ ವಾಪಸ್ಸು ಬರುತ್ತಿದ್ದೆ. ನಾವಿಬ್ಬರೇ. ಮಂಜು ಇಳಿದಿತ್ತು, ನಾನು ಕಿಟಕಿ ಇಳಿಸಿಕೊಂಡೇ ಓಡಿಸುತ್ತಿದ್ದೆ. ಅವರು ಬೆಳಗಿನ ಗೇಮಿನಲ್ಲಿ ಯಾರೋ ತಮ್ಮನ್ನು ಎಡಗಡೆಯಿಂದ ಓವರ್‌ಟೇಕ್ ಮಾಡಿದ್ದನ್ನು ಹೇಳಿಕೊಂಡು ಉರಿಯುತ್ತಿದ್ದರು. ತಿರುವಿನಲ್ಲಿ ಒಮ್ಮೆಲೇ ಎದುರಿಗೆ ಬಸ್ಸೊಂದು ಲಾರಿಯನ್ನು ಹಿಂದೆ ಹಾಕುತ್ತಾ ನಮ್ಮ ಮೇಲೇ ಬಂತು. ನಾನು ಎಡಕ್ಕೆ ಎಳೆದು ನಿಧಾನ ಮಾಡಿದೆ. ಬಸ್ಸು ಬುರ್ರನೆ ಸವರಿಕೊಂಡು ಹೋಯಿತು. ಉಸಿರು ಬಿಟ್ಟು ಗೇರ್ ಬದಲಿಸಲು ಎಡಗೈ ಇಳಿಸಿದೆ.

ಕೈಗೆ ಕೈ ತಾಗಿತು. ಅವರ ಬಲಗೈ ಹ್ಯಾಂಡ್‌ಬ್ರೇಕಿನ ಮೇಲಿತ್ತು.

"ಉಸ್ತಾದ್, ಕೈ..." ಎಂದೆ.

"ನಿಂಗೆ ಬತ್ತದೆ ಕಣಮ್ಮಾ, ಎದುರಿಗೆ ಬರೋನಿಗೆ..." ಎಂದು ಅವರು ಅಭ್ಯಾಸದ ಪ್ರಕಾರ ಶುರುಮಾಡಿದರು. ಅಲ್ಲಿಗೇ ನಿಂತರು. ತಲೆ ಬಗ್ಗಿಸಿ ತಮ್ಮ ಕೈಯನ್ನು ನೋಡಿದರು. ಅದನ್ನು ಅಲ್ಲಿ ಯಾರೂ ಎತ್ತಿ ಇಟ್ಟಿರಲಿಲ್ಲ. ಎಡಗೈ ಆಚೆ ಬಾಗಿಲ ಹಿಡಿ ಹಿಡಿದುಕೊಂಡಿತ್ತು.

ನನಗೆ ಕಣ್ಣು ಮಂಜಾಯಿತು. ಅವರು ನನ್ನ ಕಡೆ ನೋಡಿದ್ದು ಗೊತ್ತಾಯಿತು.

"ರೋಡ್ ನೋಡಮ್ಮಾ" ಎಂದರು.

ದೋಣಿಗಲ್ಲು ಬರುವವರೆಗೂ ಅವರು ಆ ಕೈ ತೆಗೆಯಲಿಲ್ಲ. ತೆಗೀರಿ ಎಂದು ನಾನೂ ಹೇಳಲಿಲ್ಲ.